ಕುಲುಮೆಗೆ ಎರಡು ಮರ

ಸಾಲಿನ ಸಭೆ ಶಾಲೆಯ ಅಂಗಳದಲ್ಲಿ.
ಕಾರ್ಯದರ್ಶಿ ಖಡಾನಂದ ಎದ್ದು ನಿಂತು ಓದಿದ:
ಕಾಡು ಎಲ್ಲರದು, ಆದಕಾರಣ ಸಮಪಾಲು.
ಮನೆಗೆ ಹತ್ತು ಘನ ಅಡಿ ತೊಲೆಮರ,
ಹಣ ಕಟ್ಟಿ ಒಯ್ಯತಕ್ಕದ್ದು.
ಮಾಘದಲ್ಲಿ ಎರಡು ದಿನ ಒಣಸೌದೆ.
ಇದ್ದಿಲು ಸುಡುವುದು ನಿಷೇಧ.
ಚಪ್ಪಾಳೆ. ನಾನೂ ತಟ್ಟಿದೆ,
ಪಕ್ಕದವರು ತಟ್ಟಿದರೆ ಕೈ ತಾನಾಗಿ ತಟ್ಟುತ್ತದೆ.

ನಮ್ಮದು ನಾಲ್ಕು ಬಿದಿರು, ಮೇಲೊಂದು ತಗಡು.
ತೊಲೆ ಕೂರಿಸಲು ಗೋಡೆ ಎಲ್ಲಿದೆ?
ಹೋದ ವರ್ಷ ನಮ್ಮ ಪಾಲಿನ ಹತ್ತು ಅಡಿ
ಮೇಲ್ಕೇರಿಯ ದಧಿರಾಮರ ಮಹಡಿಗೆ ಏರಿತು.
ಕದ್ದರು ಅನ್ನಲಾರೆ;
ರಸೀದಿ ಇದೆ.

ಇಪ್ಪತ್ತು ವರ್ಷದ ಹಿಂದೆ
ತಾಮಾಕೋಸಿ ಹೊಳೆಯ ಮೇಲಿನ ಈ ಗುಡ್ಡ ಬೋಳು.
ಡೋಕೋ ಬುಟ್ಟಿ ಬೆನ್ನಿಗೆ, ಪಟ್ಟಿ ಹಣೆಗೆ,
ಚಿಲೌನೆ ಸಸಿ ಹೊತ್ತು ನೆಟ್ಟವರಲ್ಲಿ ನಾನೂ ಒಬ್ಬಳು,
ಆಗ ಏಳು ತಿಂಗಳ ಬಸುರಿ.
ಮರ ಬೆಳೆಯಿತು. ಮಗಳು ಬಿಪಾನಾ ಬೆಳೆದಳು.
ಎರಡನ್ನೂ ಈಗ ತಲೆಯೆತ್ತಿ ನೋಡಬೇಕು.

ಕುಲುಮೆ ತಿನ್ನುವುದು ಇದ್ದಿಲು.
ಸುತ್ತಿಗೆ ನನ್ನ ಗಂಡ ಮಾನ್‌ಬೀರನದು,
ತಿದಿ ಒತ್ತುವವಳು ನಾನು, ನನಗೆ ಗೊತ್ತು:
ಪೈನಿನ ಇದ್ದಿಲು ಬರೀ ಚಟಪಟ, ಸಭೆಯ ಭಾಷಣ.
ಚಿಲೌನೆಯದು ಸದ್ದಿಲ್ಲದೆ ಕಬ್ಬಿಣ ಕೆಂಪು ಮಾಡುತ್ತದೆ.

ಕಾರ್ತಿಕ ಬಂತು, ಹುಲ್ಲು ಕೊಯ್ಲು.
ಮೇಲ್ಕೇರಿಯಿಂದ ಕುಡುಗೋಲುಗಳು ಇಳಿದು ಬಂದವು,
ಮೊಂಡು, ಹಲ್ಲುದುರಿದವು, ನಲವತ್ತೊಂದು.
ಹದಕ್ಕೆ ಮನೆಗೊಂದು ಕೊಳಗ ರಾಗಿ,
ಅಜ್ಜನ ಕಾಲದ ಲೆಕ್ಕ.
ಅಂಗಳದಲ್ಲಿ ಸಾಲಾಗಿ ಜೋಡಿಸಿಟ್ಟೆ.
ಕುಲುಮೆಯೊಳಗೆ ಕೋಳಿ ಕಾವಿಗೆ ಕೂತಿತ್ತು.
ಯಾರಿಗೂ ಇಲ್ಲವೆನ್ನಲಿಲ್ಲ.
ಕೋಳಿ ತೋರಿಸಿದೆ, ಅಷ್ಟೆ.

ಮೂರೇ ದಿನಕ್ಕೆ ಮತ್ತೆ ಸಭೆ.
ಈ ಸಲ ನನಗೂ ಬೆಂಚು,
ತುದಿಯಲ್ಲಿ, ನಡುವೆ ಇಬ್ಬರ ಜಾಗ ಬಿಟ್ಟು.
ಏನು ಬೇಕು ಹೇಳಮ್ಮ ಎಂದರು.
ಬೆರಳು ಮಡಚುತ್ತ ಹೇಳಿದೆ:
ಬಿದ್ದ ಚಿಲೌನೆ ಎರಡು, ಕುಲುಮೆಗೆ, ಹಣವಿಲ್ಲದೆ.
ಐದು ಪದ. ಒಂದು ಕೈ.

ಖಡಾನಂದ ಬರೆದ.
ಓದು ಬಾರದು ನನಗೆ, ಎಣಿಕೆ ಬರುತ್ತದೆ.
ನಮ್ಮ ಬರಹದಲ್ಲಿ ಪದಪದಕ್ಕೂ ಮೇಲೊಂದು ಗೆರೆ,
ಬಡಪದಕ್ಕೂ ಒಂದು ಸೂರು.
ಸೂರುಗಳನ್ನು ಎಣಿಸಿದೆ.
ಏಳಿದ್ದವು.

ಅಷ್ಟರಲ್ಲಿ ಯಾರೋ ಹೆಬ್ಬೆರಳಿಗೆ ಮಸಿ ಬಳಿದಾಗಿತ್ತು.
ಬಿಪಾನಾಳನ್ನು ಕರೆದೆ. ಬಗ್ಗಿ ಓದಿದಳು.
ಐದು ನನ್ನವೇ.
ಅವಕ್ಕೂ ಮೊದಲು ಎರಡು:
ಈ ವರ್ಷ.

ಮಸಿಯ ಬೆರಳು ಮೇಲೆತ್ತಿಕೊಂಡು ಕೂತೆ.
ಯಾರೂ ಮಾತಾಡಲಿಲ್ಲ.
ಇಳಿಜಾರಿನಲ್ಲಿ ಹುಲ್ಲು ಬೀಜ ಕಟ್ಟುತ್ತಿತ್ತು.