ಬಿಸಿನೀರಿನ ಲೆಕ್ಕ

ಮೂರು ಸೀಟಿನ ಸಾಲಿಗೂ ಎರಡು ಸೀಟಿನ ಸಾಲಿಗೂ ನಡುವ
ಜಾಗ ಎರಡು ಗೇಣು. ನೌಕರಿಗೆ ಬಂದ ವರ್ಷ
ಅದರಾಗ ಗಾಳಿಯಂಗ ಹಾದು ಹೋಗತಿದ್ದೆ.
ಈಗ ಮಂದಿ ಮೊಣಕಾಲು ಮಡಚತಾರ,
"ಅಕ್ಕಾರಿಗೆ ದಾರಿ ಬಿಡ್ರೋ" ಅಂತಾರ,
ಆ ಮಾತಿನಾಗ ಮರ್ಯಾದಿ ಎಷ್ಟು, ನನ್ನ ಮೈ ಎಷ್ಟು
ನನಗ ಗೊತ್ತೈತಿ.

ಡಿಪೋಕ್ಕ ತಪಾಸಣೆಗೆ ಬಂದ ಹರೇದ ಡಾಕ್ಟರಬಾಯಿ
ತೂಕದ ಮುಳ್ಳು ನಿಲ್ಲೂತನಕ ಕಾದು
ಎಂಬತ್ತೊಂದು ಅಂತ ಬರಕೊಂಡು
"ದಿನಕ್ಕ ಚಾ ಎಷ್ಟಾಗತಾವ್ರಿ?" ಅಂದ್ಲು.
ಬಾಗಲಕೋಟಿ ಸ್ಟ್ಯಾಂಡಿನಾಗ ಒಂದು, ಬೀಳಗಿ ಕ್ರಾಸಿಗೆ ಒಂದು,
ಕೊಲ್ಹಾರದಾಗ ಎರಡು, ಯಾಕಂದ್ರ ಡ್ರೈವರ ದಸ್ತಗೀರ ಮಾಮಾ
ಒಂದಕ್ಕ ಏಳೂ ಪೈಕಿ ಅಲ್ಲ,
ವಿಜಾಪುರ ಮುಟ್ಟಿ ಒಂದು,
ಹೊಳ್ಳಿ ಬರೂ ಮುಂದ ಎಣಿಕಿ ತಪ್ಪತೈತಿ.
ಲೆಕ್ಕ ಇಡೂದ ನನ್ನ ನೌಕರಿ. ಇದೊಂದನ್ನ ಇಟ್ಟಿದ್ದಿಲ್ಲ.

"ಗ್ರೀನ್ ಟೀ ಕುಡದು ನೋಡ್ರಿ" ಅಂದ್ಲು.
"ಕೊಬ್ಬು ಕರಗಿಸೂ ಮಂತ್ರ ಅಲ್ಲದು,
ಮಂದಿ ಹೇಳೂದ್ರಾಗ ಅರ್ಧ ಬಿಟ್ಟಬಿಡ್ರಿ.
ಹಾಲಿಲ್ಲ, ಸಕ್ಕರಿ ಇಲ್ಲ, ಅದ ಅದರ ದೊಡ್ಡ ಗುಣ.
ಊಟದ ಸಂಗಾಟ ಮಾತ್ರ ಬ್ಯಾಡ, ನಿಮಗ ರಕ್ತ ಕಡಿಮಿ ಐತಿ."

ಕೊಲ್ಹಾರದಾಗ ಮಲಕಾಜಪ್ಪನ ಗೂಡಂಗಡಿ.
"ಬರೇ ಬಿಸಿನೀರು ಕೊಡು" ಅಂದೆ.
ಸೋಸಣಿಗಿ ಹಿಡದ ಕೈ ಗಾಳ್ಯಾಗ ನಿಂತಿತು.
"ಯಾಕವಾ ಶಾಂಭವಿ, ಜ್ವರಾ ಬಂದಾವೇನು?"
ಕಿಸೇದಾಗಿನ ಸಣ್ಣ ಚೀಲ ತಗದು ಗ್ಲಾಸಿನಾಗ ಇಳಿಬಿಟ್ಟೆ.
ದಾರದ ತುದಿಗೆ ಜೋತ ಚೀಟಿ ನೋಡಿ
"ಚಾಕ್ಕೂ ಟಿಕೀಟು ಹರದಿಯೇನು?" ಅಂತ ದಸ್ತಗೀರ ಮಾಮಾ ನಕ್ಕ.
ಮಲಕಾಜಪ್ಪ ನಗಲಿಲ್ಲ.
ಒಂಬತ್ತು ವರ್ಷ ತನ್ನ ಶುಂಠಿ ಚಾ ಕುಡದಾಕಿ
ತನ್ನ ಕಣ್ಣಮುಂದ, ತನ್ನ ನೀರಾಗ,
ಯಾರದೋ ಎಲಿ ನೆನೆ ಹಾಕೂದು
ಅವ ನೋಡಬಾರದಿತ್ತು.

ಮೊದಲ ಗುಟುಕು: ಮಳ್ಯಾಗ ತೊಯ್ದ ಜ್ವಾಳದ ಕಣಿಕಿ.
ಎರಡನೇದು: ಅದ ಕಣಿಕಿ, ಸ್ವಲ್ಪ ಆರಿದ್ದು.

ಮೊಸರಿನ ಗಡಿಗಿ ಹೊತ್ತು ಬಸ್ಸಿಗೆ ಹತ್ತೂ ನಿಂಬೆವ್ವ
ಹಗ್ಗದಂಥ ತೋಳು ತೋರಿಸಿದಳು.
"ಎಲಿ ನೀರು ಕುಡದು ಯಾರು ಸಣ್ಣಾಗ್ಯಾರ? ನಡೀಬೇಕವಾ."
ಖರೇನ. ದಿನಾ ನೂರಾ ಎಪ್ಪತ್ತು ಕಿಲೋಮೀಟರು ಹೋಗತೀನಿ,
ಅಷ್ಟೂ ಗಾಲಿ ನಡದದ್ದು. ನನ್ನ ಕಾಲು ಬರೇ ನಿಲ್ಲತಾವ.
ಅವತ್ತಿನಿಂದ ಡಿಪೋದಿಂದ ನವನಗರದ ಮನಿತನಕ
ಆಟೋ ಬಿಟ್ಟೆ.

"ನೀರಿಗೆ ಎಷ್ಟು?"
"ಕೃಷ್ಣಾ ಹೊಳಿ ಎದುರಿಗೇ ಐತಿ. ನೀರಿಗೆ ರೊಕ್ಕಾ ಇಸಕೊಂಡು
ಅಕಿಗೆ ಹ್ಯಾಂಗ ಮುಖಾ ತೋರಸ್ಲಿ?"
"ಗ್ಯಾಸು ಹೊಳಿ ಕೊಡತೈತೇನು?"
ನಾಕು ದಿನ ಇದ ಜಗಳ. ಐದನೇ ದಿನ
ಎಣ್ಣಿ ಹತ್ತಿದ ಉದ್ರಿ ವಹಿ ತಗದು
ನನ್ನ ಹೆಸರಿನ ಕೆಳಗ "ಬಿಸಿನೀರು" ಅಂತ ಬರದು
ಮುಂದ ದುಂಡಗ ಸೊನ್ನಿ ಹಾಕಿದ.
"ನಿಮ್ಮ ಬಸ್ಸಿನಾಗ ಹೆಣ್ಣಮಕ್ಕಳಿಗೆ ಸೊನ್ನಿ ಟಿಕೀಟು ಇಲ್ಲೇನು? ಹಂಗ."

ಎಲಿ ಬಣ್ಣ ಬಿಡಾಕ ಮೂರು ನಿಮಿಷ.
ಆ ಮೂರು ನಿಮಿಷ ನನ್ನ ಕೈಯಾಗ ಮಶೀನಿಲ್ಲ,
ಯಾರೂ ಚಿಲ್ಲರ ಕೇಳಂಗಿಲ್ಲ,
ಕಟ್ಟಿ ಮ್ಯಾಲ ಕುಂತು ಗ್ಲಾಸಿನಾಗ ನೋಡತೀನಿ:
ಮೊದಲು ಹೊಗಿಯಂಥ ಒಂದು ಎಳಿ,
ಆಮ್ಯಾಲ ಹಸರು, ಹಸರಂತನೂ ಅಲ್ಲ,
ಹಿಂಗಾರಿ ಕಡ್ಲಿ ಒಣಗೂ ಮುಂದಿನ ಬಣ್ಣ.
ಇಷ್ಟು ವರ್ಷ ನಿಂತ ಕುಡದ ಚಾಗಳ ಬಣ್ಣ
ಒಂದೂ ನೆನಪಿಲ್ಲ.

ಮೂರು ತಿಂಗಳಿಗೆ ಎಪ್ಪತ್ತೆಂಟು.
ಮೂರು ಕಿಲೋ, ನಿಂಬೆವ್ವನ ಒಂದು ಗಡಿಗಿ.
ಎಲಿ ಇಳಿಸಿತೋ, ಬಿಟ್ಟ ಸಕ್ಕರಿ ಇಳಿಸಿತೋ,
ನವನಗರದ ಏರು ಇಳಿಸಿತೋ,
ಡಾಕ್ಟರಬಾಯಿ ಹೇಳಲಿಲ್ಲ, ನಾ ಕೇಳಲಿಲ್ಲ.
ಮಂದಿ ಈಗೂ ಮೊಣಕಾಲು ಮಡಚತಾರ.

ಕಳೆದ ಸೋಮವಾರ, ಕಾರಣ ಏನಿಲ್ಲ,
"ಒಂದು ಶುಂಠಿ ಚಾ" ಅಂದೆ.
ಮಲಕಾಜಪ್ಪ ಮಾತಾಡಲಿಲ್ಲ, ಒಲಿ ಕಡೆ ತಿರುಗಿದ.
ಶುಂಠಿ ಜಜ್ಜೂ ಸಪ್ಪಳ ಭಾಳ ಹೊತ್ತು ಬಂತು.
ವಹಿಯೊಳಗ ಹತ್ತು ರೂಪಾಯಿ ಅಂತ ಒತ್ತಿ ಬರದ.

ಸಕ್ಕರಿ ಅರ್ಧ ಚಮಚಿ ಹಾಕಿದ್ದ.
ನಾ ಹೇಳಿದ್ದಿಲ್ಲ.