ಉಪ್ಪಿಲ್ಲದ ಕಡಲು

ಕುಂಬಳೆಯ ಮಮ್ಮುಂಞಿಯ ಅಂಗಡಿಯಲ್ಲಿ
ರಿಪೇರಿಯಾದ ಟೇಪ್‌ರೆಕಾರ್ಡರಿಗೆ
ಪರೀಕ್ಷೆಗೆಂದು ಕೈಗೆ ಸಿಕ್ಕಿದ ಕ್ಯಾಸೆಟ್ಟು:
ಯಾರೋ ಫ್ರೆಂಚಿನವ ಬರೆದ ಕಡಲು.

ಪಿಟೀಲು ರಾಶಿ ರಾಶಿ; ದೋಣಿ ಒಂದೂ ಇಲ್ಲ.

ಬ್ಯಾಟರಿಗೆಂದು ಬಂದ ಕೋಯಿಪಾಡಿಯ ಕಾಂತು ಕರ್ಕೇರ
ಹೊಸ್ತಿಲಲ್ಲೇ ನಿಂತರು.
ಬೀಡಿ ಬೆರಳಲ್ಲೇ ಆರಿತು.
‘ಇವನಿಗೆ ಮೀನು ಗೊತ್ತಿಲ್ಲ’ ಎಂದರು.
ಆಮೇಲೆ, ಕಹಳೆಗಳೆಲ್ಲ ತಗ್ಗಿ
ಒಂದೇ ಒಂದು ಕೊಳಲು ಉಳಿದ ಕಡೆ
ಕೈಯೆತ್ತಿದರು:
‘ನಿಲ್ಲು ಮಾರಾಯ,
ಗಾಳಿ ತಿರುಗಿತು. ಬಲೆ ಎಳೀಬೇಕು.’

ಮುಂಡಾಸು ಬಿಗಿದು, ರೈಲುಹಳಿ ದಾಟಿ
ಪಡುದಿಕ್ಕಿಗೆ ಬಿರಬಿರನೆ ನಡೆದೇಬಿಟ್ಟರು.

ಮಮ್ಮುಂಞಿ ಹೊರಗೆ ಇಣುಕಿದ.
ಹೂವರಸಿಯ ಒಂದು ಎಲೆಯೂ ಅಲುಗಿರಲಿಲ್ಲ,
ಆಗಿನ್ನೂ.

ಬ್ಯಾಟರಿ ಮೇಜಿನ ಮೇಲೆಯೇ ಇತ್ತು,
ಚಿಲ್ಲರೆಯೂ.