ತೂತು ಹೊಲಿಯುವವಳು

ಬಂದೂಕಿನಂಗಡಿಗೆ ಹೋಗಬೇಕಾದವನು
ನನ್ನ ಶೆಡ್ಡಿಗೆ ಬಂದ, ಲೈಲ್ ಓಸ್ಟ್‌ಬಿ,
ಬೂಟಿನ ಹಿಮ ಕೊಡವದೆ ಒಳಗೆ ನಿಂತು
"ಥೋರಾ, ಕೂಗರ್‌ಗೆ ಯಾವ ಗುಂಡು?" ಅಂದ.

ನಾನು ಬಂದೂಕು ಹಿಡಿದವಳಲ್ಲ, ಹುಡುಗಾ.
ಮೂವತ್ತೊಂದು ಚಳಿಗಾಲ ಈ ಬಿಟರ್‌ರೂಟ್ ಕಣಿವೆಯವರು
ಕೊಂದು ತಂದದ್ದರ ತೊಗಲು ಹದಮಾಡಿ
ತೂತು ಮುಚ್ಚಿ, ಗಾಜಿನ ಕಣ್ಣಿಟ್ಟು ಕೊಟ್ಟವಳು.
ಗುಂಡು ಹೊರಟುಹೋದ ಮೇಲಿನ ಕಥೆ ಮಾತ್ರ ಗೊತ್ತು.

"ಅದಕ್ಕೇ ಕೇಳ್ತಿದೀನಿ."

ಬಾ ಹಾಗಾದರೆ. ಈ ಮೊಳೆಗೆ ತೂಗಿದ್ದು ನೋಡು.
ಹಲ್ಲಿನ ಡಾಕ್ಟರೊಬ್ಬ ತಂದದ್ದು. ಮ್ಯಾಗ್ನಮ್,
ಎಲ್ಕ್ ಹೊಡೆಯಲೆಂದು ಕೊಂಡ ಕೋವಿ.
ಹೊಕ್ಕಲ್ಲಿ ಅಂಗಿಯ ಗುಂಡಿಯಷ್ಟು,
ಹೊರಬಿದ್ದಲ್ಲಿ ನನ್ನ ಮುಷ್ಟಿ ಹಾಯುತ್ತದೆ.
ಎರಡು ವರ್ಷವಾಯಿತು, ಒಯ್ಯಲು ಬಂದಿಲ್ಲ.

ಇದು ಕೊಯೊಟಿಗೆಂದು ಮಾಡಿದ ಹಗುರ ಗುಂಡು,
ಧಾವಿಸಿ ಹೋಗಿ ಹೆಗಲಿಗೆ ತಾಗಿದ್ದೇ ಚೂರುಚೂರು.
ಒಳಗಿಳಿಯಲಿಲ್ಲ. ಆಮೇಲೆ ಎರಡನೆಯದು, ಮೂರನೆಯದು.
ಎಣಿಸು. ನಾನು ಎಣಿಸಿಯೇ ಹಣ ತೆಗೆದುಕೊಂಡೆ.

ಬೆಕ್ಕಿನ ಮೈ ಎಲ್ಕಿನ ಹಾಗೆ ಗೋಡೆಯಲ್ಲ.
ತೆಳು ತೊಗಲು, ಒಳಗೆ ಬೆತ್ತದಂಥ ಮೂಳೆ,
ನಾಯಿಗಳು ಮರ ಹತ್ತಿಸಿದ ಮೇಲೆ ಮೂವತ್ತಡಿ ದೂರ.
ಅಷ್ಟಕ್ಕೆ ಸಿಡಿಲು ಬೇಡ.
ಹಾಗೆಂದು ಸೂಜಿಯೂ ಸಾಲದು.

ಸೂಜಿ ಒಯ್ದವನು ನನ್ನಣ್ಣ ಹಾಲ್ವರ್,
ಇಪ್ಪತ್ತೆರಡರ ಪುಟ್ಟ ಕೋವಿ.
"ತೊಗಲು ಕೆಡೋದಿಲ್ಲ, ನಿನಗೇ ಕೆಲಸ ಕಡಿಮೆ" ಎಂದು
ನನ್ನನ್ನೇ ನೆಪ ಮಾಡಿಕೊಂಡು.
ಪಾಂಡೆರೋಸಾದ ಕೊಂಬೆಯಿಂದ ಬೆಕ್ಕು
ಸಾಯದೆ ಬಿತ್ತು, ನಾಯಿಗಳ ನಟ್ಟನಡುವೆ.
ಕ್ಲೋವರ್ ಅಂತ ಒಂದು ಹೆಣ್ಣು ಹೌಂಡು, ಕೆಂಪು ಕಿವಿ,
ಮರಿಯಿದ್ದಾಗ ನನ್ನ ಹೊದಿಕೆಯೊಳಗೇ ನಿದ್ದೆ ಅವಳದು.
ಅವಳ ಹೊಟ್ಟೆಯನ್ನು ಇದೇ ಮೇಜಿನ ಮೇಲೆ ಹೊಲಿದೆ,
ಇದೇ ಮೇಣ ಹಚ್ಚಿದ ದಾರ, ಇದೇ ದಬ್ಬಳ.
ಸತ್ತದ್ದನ್ನು ಹೊಲಿದು ಪಳಗಿದ ಕೈ.
ಹೊಲಿಗೆ ನಿಂತಿತು. ಅವಳು ನಿಲ್ಲಲಿಲ್ಲ.

ಲೈಲ್ ಟೋಪಿ ತೆಗೆದು ಅದರ ಅಂಚು ತಿರುವುತ್ತಿದ್ದ.

ನಿನ್ನಜ್ಜನ ಥರ್ಟಿ-ಥರ್ಟಿ ಇದೆಯಲ್ಲ,
ಬಾಗಿಲ ಹಿಂದೆ ತುಕ್ಕು ಹಿಡಿಯುತ್ತಿರುವುದು?
ಅದಕ್ಕೆ ನೂರೈವತ್ತು ಗ್ರೇನಿನ ಮೆದು ಮೂತಿಯ ಗುಂಡು.
ನಿಧಾನದ್ದು. ಒಳಗೆ ಹೋಗಿ ಅಣಬೆಯಂತೆ ಅರಳುತ್ತದೆ,
ಮಾಡುವುದನ್ನು ಮಾಡಿ ಹೊರಬೀಳುತ್ತದೆ.
ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ.
ಮೊದಲು ನಾಯಿ ಕಟ್ಟು.
ನಾಯಿ ಕಟ್ಟು ಅಂದದ್ದು ಕೇಳಿಸಿತೇ?

ಕೇಳಿಸಿತು, ಅಂದ.

ಜನವರಿಯ ಕೊನೆಗೆ ತಂದ, ಗೋಣಿಯಲ್ಲಿ ಸುತ್ತಿ,
ನಿನ್ನೆಯದು, ಇನ್ನೂ ಮಂಜುಗಟ್ಟಿದ್ದು.
ಈ ಕಡೆ ಒಂದೇ ತೂತು, ಆ ಕಡೆ ಒಂದೇ,
ಕಿರುಬೆರಳು ಹೋಗುವಷ್ಟು. ನಾಯಿಗಳಿಗೆ ಗೀರೂ ಇಲ್ಲ.
ಪರೀಕ್ಷೆ ಪಾಸಾದ ಹುಡುಗನ ಮುಖ.
ಭೇಷ್ ಅಂದೆ. ಮನಸಾರೆಯೇ ಅಂದೆ.

ಅವನ ಟ್ರಕ್ಕು ಸೇತುವೆ ದಾಟಿದ ಮೇಲೆ
ತೊಗಲನ್ನು ಮೇಜಿನ ಮೇಲೆ ಬಿಡಿಸಿದೆ.
ಹೊಟ್ಟೆಯ ಸೀಳಿನ ಆಚೆ ಈಚೆ, ಬಿಳಿ ರೋಮದಲ್ಲಿ
ನಾಣ್ಯದಗಲ ನಾಲ್ಕು ಕಡೆ ಕೂದಲು ಸವೆದಿತ್ತು,
ಪುಟ್ಟ ಬಾಯಿಗಳು ಸವೆಸಿದ್ದು.

ಯಾವ ಗುಂಡು ಎಂದು ಕೇಳಿದ್ದ.
ಯಾವ ಬೆಕ್ಕು ಎಂದು ಕೇಳಿರಲಿಲ್ಲ.
ಹಿಮದಲ್ಲಿ ದೊಡ್ಡ ಹೆಜ್ಜೆಯ ಪಕ್ಕ
ಸಣ್ಣ ಹೆಜ್ಜೆ ಇದೆಯೇ ನೋಡು ಎಂದು,
ಮೂವತ್ತೊಂದು ಚಳಿಗಾಲದವಳು, ನಾನೂ ಹೇಳಿರಲಿಲ್ಲ.

ಬೆಳಕು ಇನ್ನೊಂದು ತಾಸು ಇದ್ದೀತು.
ಯಾವ ಕಮರಿ, ಯಾವ ಹಳ್ಳದ ಬದಿ, ಕೇಳಬೇಕು.
ಕೈಯಲ್ಲಿನ ದಬ್ಬಳ ಕೆಳಗಿಡುವುದನ್ನೂ ಮರೆತು
ಅವನ ನಂಬರು ತಿರುಗಿಸುತ್ತಿದ್ದೇನೆ.